ಕಾನೀನನೋ ಅಪವಿದ್ಧನೋ: ಕರ್ಣನ ಪಿತೃತ್ವವಿಚಾರ

೧

ಕೆಲವು ವರ್ಷಗಳ ಹಿಂದೆ ಕನ್ನಡ ಪರೀಕ್ಷೆಯೊಂದರ ಉತ್ತರಪತ್ರಿಕೆಗಳನ್ನು ನೋಡುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಪ್ರಶ್ನೆಗಳಲ್ಲಿ ಒಂದು 'ಕರ್ಣನ ತಂದೆ ಯಾರು?' ಎಂಬುದು. ಅದಕ್ಕೆ ಒಂದೇ ಅಂಕ. ಮಾದರಿಯ ಉತ್ತರದಲ್ಲಿ 'ಸೂರ್ಯ' ಎಂದು ಬರೆದಿತ್ತು. ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಾಗೆಯೇ ಬರೆದಿದ್ದರು. ಕೆಲವರು 'ಅಧಿರಥ' ಎಂದು ಬರೆದಿದ್ದರು. ಒಬ್ಬ ವಿದ್ಯಾರ್ಥಿನಿ 'ಪಾಂಡು' ಎಂದು ಬರೆದು, ತಾನೇ ಅದನ್ನು ಹೊಡೆದುಹಾಕಿದ್ದಳು. ಮಾದರಿಗೆ ಹೊಂದದ ಉತ್ತರಗಳಿಗೆ ಸೊನ್ನೆ ಹಾಕತಕ್ಕದ್ದೆಂಬುದು ವಿಧಿ. ನನ್ನ ಲೇಖನಿಯು ಅಲ್ಲಿ ನಿಂತಿತು. ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಮಿತಾಕ್ಷರೆಯ ದಾಯವಿಭಾಗವನ್ನು ಓದಿದವನಿಗೆ ಈ ಮೂರು ಉತ್ತರಗಳಲ್ಲಿ ಒಂದನ್ನೂ ತಪ್ಪೆನ್ನುವುದು ಸುಲಭವಾಗಲಿಲ್ಲ. ಸಾಲದುದಕ್ಕೆ, ಯಾಜ್ಞವಲ್ಕ್ಯನ ವಚನವನ್ನು ಅಕ್ಷರಶಃ ಹಿಡಿದರೆ ಯಾರೂ ಬರೆಯದ ನಾಲ್ಕನೆಯ ಉತ್ತರವೊಂದುಂಟು: ಕುಂತಿಭೋಜ.

ಆ ದಿನ ಹುಟ್ಟಿದ ಸಂದೇಹವೇ ಈ ಲೇಖನಕ್ಕೆ ಕಾರಣ. ಕರ್ಣನ ಪಾತ್ರವನ್ನು ಕುರಿತು ಕನ್ನಡದಲ್ಲಿ ವಿಮರ್ಶೆಗೆ ಕೊರತೆಯಿಲ್ಲ. ಆತನ ತ್ಯಾಗ, ಛಲ, ಸ್ವಾಮಿನಿಷ್ಠೆ, ದೈವದ ವಂಚನೆ, ಇವೆಲ್ಲವೂ ಸಾಕಷ್ಟು ವರ್ಣಿತವಾಗಿವೆ. ಆದರೆ ಉದ್ಯೋಗಪರ್ವದಲ್ಲಿ ಕೃಷ್ಣನಿಗೂ ಕರ್ಣನಿಗೂ ನಡೆಯುವ ಸಂವಾದವು ಮೂಲದಲ್ಲಿ ಒಂದು ವ್ಯವಹಾರವಿವಾದದ ರೂಪದಲ್ಲಿದೆ ಎಂಬ ಅಂಶಕ್ಕೆ ಸಲ್ಲಬೇಕಾದ ಗಮನವು ಸಂದಿಲ್ಲವೆಂದು ನನ್ನ ಭಾವನೆ. ಮದುವೆಯಾಗದ ತಾಯಿಯಲ್ಲಿ ಹುಟ್ಟಿ, ಆಕೆಯಿಂದ ತ್ಯಕ್ತನಾಗಿ, ಮತ್ತೊಬ್ಬರ ಮನೆಯಲ್ಲಿ ಬೆಳೆದ ಮಗುವಿನ ಮೇಲೆ ಯಾರಿಗೆ ಅಧಿಕಾರ? ಜನಕನಿಗೋ, ತಾಯನ್ನು ಮುಂದೆ ಕೈಹಿಡಿದವನಿಗೋ, ಸಾಕಿದವರಿಗೋ? ಇದೇ ಅಲ್ಲಿಯ ವಿವಾದವಿಷಯ.

೨

ಮೊದಲು ಶಾಸ್ತ್ರವನ್ನು ನೋಡೋಣ. ನಮ್ಮ ಸ್ಮೃತಿಕಾರರು ದ್ವಾದಶವಿಧಪುತ್ರರನ್ನು ಎಣಿಸಿದ್ದಾರೆಂಬುದು ವಾಚಕರಿಗೆ ವಿದಿತವೇ ಇದೆ. ಪ್ರಕೃತಕ್ಕೆ ಬೇಕಾದವರು ಮೂವರು: ಕಾನೀನ, ಸಹೋಢ, ಅಪವಿದ್ಧ. ಕನ್ಯೆಯು ತಂದೆಯ ಮನೆಯಲ್ಲಿ ಗುಟ್ಟಾಗಿ ಹೆತ್ತವನು ಕಾನೀನ. ಮದುವೆಯ ಕಾಲಕ್ಕೆ ಗರ್ಭದಲ್ಲಿದ್ದು ವಧುವಿನೊಡನೆ ವರನ ಮನೆಗೆ ಬಂದವನು ಸಹೋಢ. ತಾಯಿತಂದೆಗಳಿಬ್ಬರಿಂದಾಗಲಿ ಅವರಲ್ಲಿ ಒಬ್ಬರಿಂದಾಗಲಿ ತ್ಯಕ್ತನಾಗಿ, ಬೇರೊಬ್ಬರಿಂದ ಮಗನೆಂದು ಪರಿಗ್ರಹಿಸಲ್ಪಟ್ಟವನು ಅಪವಿದ್ಧ.

ಕಾನೀನನು ಯಾರ ಮಗನೆಂಬಲ್ಲಿ ಸ್ಮೃತಿಗಳು ಒಮ್ಮತವಾಗಿಲ್ಲ. ಮನುವಿನ ಮತದಲ್ಲಿ ಆತನು ವೋಢೃವಿನ, ಎಂದರೆ ಆ ಕನ್ಯೆಯನ್ನು ಮುಂದೆ ಮದುವೆಯಾದವನ, ಮಗನು. ಯಾಜ್ಞವಲ್ಕ್ಯನು ಆತನನ್ನು ಮಾತಾಮಹನ ಮಗನೆಂದು ಹೇಳುತ್ತಾನೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ವಿರೋಧವನ್ನು ಪರಿಹರಿಸಿದ ಬಗೆಯು ಅವನಿಗೆ ಸಹಜವಾದ ವ್ಯವಸ್ಥೆಯಿಂದ ಕೂಡಿದೆ. ತಾಯಿಯು ಮದುವೆಯಿಲ್ಲದೆ ತಂದೆಯ ಮನೆಯಲ್ಲಿಯೇ ಉಳಿದರೆ ಮಗು ಮಾತಾಮಹನದು, ಮದುವೆಯಾದರೆ ವೋಢೃವಿನದು. ಜನಕನ ಹೆಸರು ಈ ಎರಡು ಪಕ್ಷಗಳಲ್ಲಿಯೂ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಬೀಜಕ್ಷೇತ್ರವಿಚಾರದಲ್ಲಿ ಮನುವು ಕೊಡುವ ದೃಷ್ಟಾಂತವೂ ಇದಕ್ಕೆ ಹೊಂದುತ್ತದೆ: ಗಾಳಿಯಿಂದಲೋ ಪ್ರವಾಹದಿಂದಲೋ ಬಂದ ಬೀಜವು ಯಾರ ಹೊಲದಲ್ಲಿ ಮೊಳೆತರೆ ಫಲವು ಆ ಹೊಲದವನಿಗೇ ಸಲ್ಲುವುದು, ಬಿತ್ತಿದವನಿಗಲ್ಲ. ಬಿತ್ತಿದವನಿಗೂ ಪಾಲು ಬರಬೇಕಾದರೆ ಮೊದಲೇ ಮಾಡಿಕೊಂಡ ಒಪ್ಪಂದವಿರಬೇಕು.

ಪುತ್ರರ ತಾರತಮ್ಯದಲ್ಲಿಯೂ ಹೀಗೆಯೇ ಮತಭೇದವುಂಟು. ಮನುವು ಹನ್ನೆರಡು ಮಂದಿಯನ್ನು ಎರಡು ಷಟ್ಕಗಳಾಗಿ ವಿಂಗಡಿಸಿ, ಮೊದಲನೆಯ ಷಟ್ಕಕ್ಕೆ ದಾಯವನ್ನೂ ಬಾಂಧವ್ಯವನ್ನೂ ಕೊಟ್ಟು, ಎರಡನೆಯದಕ್ಕೆ ದಾಯವಿಲ್ಲವೆಂದಿದ್ದಾನೆ. ಅಪವಿದ್ಧನು ಮೊದಲನೆಯದರಲ್ಲಿದ್ದಾನೆ, ಕಾನೀನನು ಎರಡನೆಯದರಲ್ಲಿದ್ದಾನೆ. ಯಾಜ್ಞವಲ್ಕ್ಯನ ಕ್ರಮದಲ್ಲಾದರೋ ಕಾನೀನನು ಐದನೆಯವನು, ಅಪವಿದ್ಧನು ಕಟ್ಟಕಡೆಯವನು. ಆದಕಾರಣ ಬರಿಯ ಕ್ರಮವನ್ನು ಹಿಡಿದು ಒಂದು ಪಕ್ಷವನ್ನು ಗೆಲ್ಲಿಸಲಾಗದು. ನಿರ್ಣಯವು ಲಕ್ಷಣದಿಂದ ಆಗಬೇಕೇ ಹೊರತು ಸ್ಥಾನದಿಂದಲ್ಲ.

೩

ಇನ್ನು ಕಾವ್ಯಕ್ಕೆ ಬರೋಣ. ಮಹಾಭಾರತದಲ್ಲಿ 'ಕಾನೀನ' ಎಂಬ ಮಾತು ಎರಡು ಮುಖ್ಯಸ್ಥಳಗಳಲ್ಲಿ ಬರುತ್ತದೆ. ಎರಡನೆಯದನ್ನು ಎಲ್ಲರೂ ಬಲ್ಲರು. ಮೊದಲನೆಯದು ಆದಿಪರ್ವದಲ್ಲಿ ಪಾಂಡುವಿನ ಬಾಯಿಂದ ಬಂದುದು. ಶಾಪಗ್ರಸ್ತನಾದ ಪಾಂಡು ಸಂತಾನಕ್ಕಾಗಿ ಹಂಬಲಿಸಿ, ಅನ್ಯರಿಂದ ಮಕ್ಕಳನ್ನು ಪಡೆಯುವಂತೆ ಕುಂತಿಯನ್ನು ಒಡಂಬಡಿಸುವ ಸಂದರ್ಭವದು. ಆಗ ಆತನು ಶಾಸ್ತ್ರವು ಒಪ್ಪುವ ಪುತ್ರರನ್ನೆಲ್ಲ ಎಣಿಸುತ್ತ, ದಾಯಕ್ಕೆ ಅರ್ಹರಾದ ಮೊದಲ ಆರು ಮಂದಿಯೊಳಗೆ ಕಾನೀನನನ್ನೂ ಹೇಳುತ್ತಾನೆ. ಕೇಳುತ್ತಿರುವವಳು ಕುಂತಿ, ಆಕೆಗೆ ಕಾನೀನನೊಬ್ಬನು ಇದ್ದಾನೆ, ಗಂಡನಿಗೆ ಮಗನು ಬೇಕಾಗಿದ್ದಾನೆ, ಅಂಥವನನ್ನು ತನ್ನ ಮಗನೆಂದು ಸ್ವೀಕರಿಸಲು ಶಾಸ್ತ್ರದ ಅಡ್ಡಿಯಿಲ್ಲವೆಂದು ಗಂಡನೇ ನುಡಿಯುತ್ತಿದ್ದಾನೆ. ಕುಂತಿಯು ದುರ್ವಾಸನು ಕೊಟ್ಟ ಮಂತ್ರದ ಸಂಗತಿಯನ್ನು ಹೇಳುತ್ತಾಳೆ. ಆ ಮಂತ್ರವನ್ನು ಒಮ್ಮೆ ಬಳಸಿದ್ದೇನೆಂಬುದನ್ನು ಹೇಳುವುದಿಲ್ಲ.

ಈ ಮೌನವನ್ನು ಕವಿಯು ಎಲ್ಲಿಯೂ ಎತ್ತಿ ಆಡಿಲ್ಲ. ಆದರೆ ಭಾರತದ ಕಥೆಯು ಮತ್ತೊಂದು ದಾರಿಯನ್ನು ಹಿಡಿಯಬಹುದಾಗಿದ್ದ ಸಂಧಿಯು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ಅಂದು ಒಂದು ಮಾತು ಹೊರಬಿದ್ದಿದ್ದರೆ ಕರ್ಣನು ಪಾಂಡುವಿನ ಜ್ಯೇಷ್ಠಪುತ್ರನಾಗುತ್ತಿದ್ದನು. ಕುಂತಿಯು ಮಗು ಎಲ್ಲಿದೆಯೆಂಬುದನ್ನು ಅರಿಯದೆ ಇದ್ದಳೆನ್ನುವಂತಿಲ್ಲ. ಪೆಟ್ಟಿಗೆಯು ಅಶ್ವನದಿಯಿಂದ ಚರ್ಮಣ್ವತಿಗೆ, ಅಲ್ಲಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ ಸಾಗಿ ಚಂಪಾನಗರಿಯನ್ನು ಮುಟ್ಟಿತೆಂದೂ, ಸೂತನ ಮನೆಯಲ್ಲಿ ಬೆಳೆಯುತ್ತಿರುವ ಕವಚಧಾರಿಯಾದ ಬಾಲಕನ ಸುದ್ದಿಯು ಚಾರರ ಮೂಲಕ ಪೃಥೆಗೆ ತಿಳಿದಿತ್ತೆಂದೂ ವನಪರ್ವವು ಹೇಳುತ್ತದೆ. ಹಾಗಾದರೆ ಆಕೆಯನ್ನು ದೂಷಿಸಿ ಮುಗಿಸಬಹುದೇ? ಆಕೆಯೂ ಕೊಡಲ್ಪಟ್ಟ ಮಗಳು. ಶೂರನ ಮಗಳಾಗಿ ಹುಟ್ಟಿ, ಚೆಂಡಾಡುವ ವಯಸ್ಸಿನಲ್ಲಿ ಕುಂತಿಭೋಜನ ಮನೆ ಸೇರಿದವಳು. ಉದ್ಯೋಗಪರ್ವದಲ್ಲಿ ಕೃಷ್ಣನ ಮುಂದೆ ದುಃಖವನ್ನು ತೋಡಿಕೊಳ್ಳುವಾಗ ಆಕೆಯು ದುರ್ಯೋಧನನಿಗಿಂತ ಮೊದಲು ನಿಂದಿಸುವುದು ತನ್ನನ್ನು ಧನದಂತೆ ಕೊಟ್ಟುಬಿಟ್ಟ ತಂದೆಯನ್ನು. ಬಿಟ್ಟುಕೊಡಲ್ಪಟ್ಟ ಮಗುವಿನ ನೋವನ್ನು ಬಲ್ಲವಳೇ ಮಗುವನ್ನು ಬಿಟ್ಟಳೆಂಬ ಈ ವಿಪರ್ಯಾಸವನ್ನು ವ್ಯಾಸರು ಉಪದೇಶವಿಲ್ಲದೆ ತೋರಿಸಿದ್ದಾರೆ.

ಇದಕ್ಕೆ ಎದುರಾಗಿ ರಂಗಭೂಮಿಯ ಪ್ರಸಂಗವನ್ನು ಇಡಬೇಕು. ಕೃಪನು ಕರ್ಣನ ಕುಲವನ್ನು ಕೇಳುತ್ತಾನೆ. ಹೆತ್ತ ತಾಯಿಯು ಪ್ರೇಕ್ಷಕರ ನಡುವೆ ಮೂರ್ಛೆಹೋಗುತ್ತಾಳೆ. ಜನಕನು ಆಕಾಶದಲ್ಲಿ ಬೆಳಗುತ್ತಿದ್ದಾನೆ. ಇವರಿಬ್ಬರಲ್ಲಿ ಯಾರೂ ಬಾಯಿಬಿಡುವುದಿಲ್ಲ. ದುರ್ಯೋಧನನಿಂದ ಅಂಗರಾಜ್ಯದ ಅಭಿಷೇಕವಾದ ಬಳಿಕ, ಬೆವರಿಳಿಯುತ್ತ, ನಡುಗುತ್ತ, ಕೋಲನ್ನೂರಿಕೊಂಡು ಅಧಿರಥನು ಬರುತ್ತಾನೆ. ಕರ್ಣನು ಬಿಲ್ಲನ್ನು ಬದಿಗಿಟ್ಟು, ಅಭಿಷೇಕಜಲದಿಂದ ತೊಯ್ದ ತಲೆಯನ್ನು ಬಾಗಿಸಿ ಆತನಿಗೆ ನಮಸ್ಕರಿಸುತ್ತಾನೆ. ಮುದುಕನು ತನ್ನ ಕಾಲುಗಳನ್ನು ಸೆರಗಿನಿಂದ ಮುಚ್ಚಿಕೊಂಡು, ಮಗನೇ ಎಂದು ಕರೆದು, ಆ ತಲೆಯನ್ನು ಕಣ್ಣೀರಿನಿಂದ ಮತ್ತೊಮ್ಮೆ ನೆನೆಯಿಸುತ್ತಾನೆ. ಲೋಕದ ಮುಂದೆ, ಅಪಮಾನವು ಕಾದಿರುವ ಎಡೆಯಲ್ಲಿ, 'ಇವನು ನನ್ನವನು' ಎಂದು ಬಂದವನು ಇವನೊಬ್ಬನೇ. ಭೀಮನು ಹಾಸ್ಯಮಾಡಿದುದು ಈ ನಮಸ್ಕಾರವನ್ನು ಕಂಡೇ. ಪಿತೃತ್ವಕ್ಕೆ ಪ್ರಮಾಣವನ್ನು ಕೇಳುವವರಿಗೆ ವ್ಯಾಸರು ಕೊಟ್ಟ ಪ್ರತ್ಯಕ್ಷಪ್ರಮಾಣವಿದು.

೪

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಉದ್ಯೋಗಪರ್ವದ ಸಂವಾದವನ್ನು ಓದತಕ್ಕದ್ದು. ಕೃಷ್ಣನು ಕರ್ಣನನ್ನು ರಥದ ಮೇಲೆ ಕುಳ್ಳಿರಿಸಿಕೊಂಡು ಹೇಳುವುದರ ಸಾರವು ಹೀಗಿದೆ: ಕಾನೀನನಿಗೂ ಸಹೋಢನಿಗೂ ವೋಢೃವೇ ತಂದೆಯೆಂದು ಶಾಸ್ತ್ರಜ್ಞರು ಹೇಳುತ್ತಾರೆ, ಆದುದರಿಂದ ನೀನು ಧರ್ಮತಃ ಪಾಂಡುವಿನ ಮಗನು, ಧರ್ಮಶಾಸ್ತ್ರದ ನಿಯಮದಂತೆ ಬಾ, ರಾಜನಾಗು. ಇಲ್ಲಿ ಸೂರ್ಯನ ಹೆಸರು ವಾದದ ಅಂಗವಾಗಿ ಬರುವುದಿಲ್ಲವೆಂಬುದು ಮುಖ್ಯ. ಬೀಜದ ಬಲದಿಂದ ಕೃಷ್ಣನು ವಾದಿಸುವುದಿಲ್ಲ; ಮನುವಿನ ಪಕ್ಷವನ್ನು ಹಿಡಿದು ಕ್ಷೇತ್ರಸ್ವಾಮಿಯ ಬಲದಿಂದ ವಾದಿಸುತ್ತಾನೆ. ಅರ್ಥಾತ್, ಪರೀಕ್ಷೆಯ ಮಾದರಿ ಉತ್ತರವನ್ನು ಕೃಷ್ಣನೇ ಒಪ್ಪುತ್ತಿರಲಿಲ್ಲ.

ಕರ್ಣನ ಪ್ರತ್ಯುತ್ತರವನ್ನು ನಾವು ಸಾಮಾನ್ಯವಾಗಿ ಹೃದಯದ ಮಾತೆಂದು ಓದುತ್ತೇವೆ. ಅದು ಹೃದಯದ ಮಾತು ಹೌದು. ಆದರೆ ಶಾಸ್ತ್ರದ ಮಾತೂ ಹೌದು. ಕೃಷ್ಣನು ಎಣಿಸಿದಂತೆ ತಾನು ಧರ್ಮತಃ ಪಾಂಡುಪುತ್ರನೆಂಬುದನ್ನು ಬಲ್ಲೆನೆಂದು ಮೊದಲು ಒಪ್ಪಿಕೊಂಡು, ಒಡನೆಯೇ ಕುಂತಿಯು ತನ್ನನ್ನು ಎಸೆದುಬಿಟ್ಟ ಸಂಗತಿಯನ್ನು ಎತ್ತುತ್ತಾನೆ. ಆತನು ಅಲ್ಲಿ ಬಳಸುವ 'ಅಪಾಕೀರ್ಣ' ಎಂಬ ಶಬ್ದವೂ ಸ್ಮೃತಿಯ 'ಅಪವಿದ್ಧ' ಶಬ್ದವೂ ಒಂದೇ ಅರ್ಥದವು. ಮುಂದಿನದೆಲ್ಲ ಪರಿಗ್ರಹದ ಸಾಕ್ಷ್ಯ: ಅಧಿರಥನು ಕಂಡೊಡನೆಯೇ ಮನೆಗೆ ಒಯ್ದುದು, ವಾತ್ಸಲ್ಯದಿಂದ ರಾಧೆಯ ಎದೆಯಲ್ಲಿ ಹಾಲು ಸುರಿದುದು, ಆಕೆಯು ಮಲಮೂತ್ರಗಳನ್ನು ಬಳಿದುದು, ಅಧಿರಥನು ಶಾಸ್ತ್ರೋಕ್ತವಾಗಿ ಜಾತಕರ್ಮಾದಿಗಳನ್ನು ಮಾಡಿಸಿದುದು, ಬ್ರಾಹ್ಮಣರಿಂದ ವಸುಷೇಣನೆಂಬ ಹೆಸರನ್ನು ಇಡಿಸಿದುದು, ಯೌವನದಲ್ಲಿ ಮದುವೆಗಳನ್ನು ಮಾಡಿಸಿದುದು. ಇದು ಬರಿಯ ಕೃತಜ್ಞತೆಯ ಪಟ್ಟಿಯಲ್ಲ. ಸಂಸ್ಕಾರ, ನಾಮಕರಣ, ವಿವಾಹ, ಸಂತಾನ ಎಂಬ ಕ್ರಮದಲ್ಲಿ ಪುತ್ರತ್ವವನ್ನು ಸಾಧಿಸುವ ಪ್ರಮಾಣಗಳ ಪಟ್ಟಿ. ಇದರ ನಡುವೆ ಕರ್ಣನು ಕೇಳುವ ಪ್ರಶ್ನೆಯು ನಿರ್ಣಾಯಕವಾದುದು: ಧರ್ಮವನ್ನು ಬಲ್ಲವನೂ ಧರ್ಮಶಾಸ್ತ್ರಶ್ರವಣದಲ್ಲಿ ನಿರತನೂ ಆದ ತನ್ನಂಥವನು ಆ ತಾಯಿಯ ಪಿಂಡವನ್ನು ಹೇಗೆ ತಪ್ಪಿಸಿಯಾನು? ಪಿಂಡವೆಂಬುದು ದಾಯದ ಜೊತೆಯ ಮಾತು. ಕೃಷ್ಣನು ಧರ್ಮಶಾಸ್ತ್ರವೆಂದುದಕ್ಕೆ ಕರ್ಣನು ಧರ್ಮಶಾಸ್ತ್ರದಿಂದಲೇ ಉತ್ತರಕೊಟ್ಟಿದ್ದಾನೆ. ನೀನು ಕಾನೀನನೆಂಬುದು ಒಬ್ಬರ ವಾದ. ನಾನು ಅಪವಿದ್ಧನೆಂಬುದು ಇನ್ನೊಬ್ಬರ ವಾದ.

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುತ್ತವೆ. ಒಂದನೆಯದು: ಕರ್ಣನು ತಾನು ಪಾಂಡುಪುತ್ರನೆಂದು ಒಪ್ಪಿದ ಮೇಲೆ ವಿವಾದವೆಲ್ಲಿ? ಸಮಾಧಾನವೇನೆಂದರೆ, ಒಂದೇ ಮಗುವಿಗೆ ಎರಡು ಲಕ್ಷಣಗಳೂ ಸಲ್ಲುತ್ತವೆ. ಹುಟ್ಟಿನಿಂದ ಕಾನೀನನಾದವನು ತ್ಯಾಗಪರಿಗ್ರಹಗಳಿಂದ ಅಪವಿದ್ಧನಾದನು. ಮೊದಲನೆಯದನ್ನು ಒಪ್ಪುವುದರಿಂದ ಎರಡನೆಯದು ಅಳಿಯುವುದಿಲ್ಲ. ದತ್ತನಾದ ಮಗನು ತನ್ನ ಹುಟ್ಟನ್ನು ಒಪ್ಪಿಕೊಂಡ ಮಾತ್ರಕ್ಕೆ ದತ್ತತ್ವವು ಹೇಗೆ ಅಳಿಯದೋ ಹಾಗೆ. ಎರಡನೆಯದು: ಪಾಂಡುವಿಗೆ ಈ ವಿಷಯವೇ ತಿಳಿಯದಿದ್ದುದರಿಂದ ಆತನು ಹೇಗೆ ತಂದೆಯಾದಾನು? ಈ ಆಕ್ಷೇಪವು ನಮ್ಮ ಪಕ್ಷಕ್ಕೆ ಅನುಕೂಲವಾಗಿ ಕಂಡರೂ ಬಲವಾದುದಲ್ಲ. ಸಹೋಢನ ವಿಷಯದಲ್ಲಿ, ಗರ್ಭವು ವರನಿಗೆ ತಿಳಿದಿರಲಿ ತಿಳಿಯದಿರಲಿ ಮಗು ಅವನದೇ ಎಂದು ಮನುವು ಸ್ಪಷ್ಟವಾಗಿ ಹೇಳಿದ್ದಾನೆ. ಆ ನ್ಯಾಯವನ್ನು ಕಾನೀನನಿಗೂ ಒಯ್ಯಬಹುದು. ವ್ಯತ್ಯಾಸವಿರುವುದು ತಿಳಿವಳಿಕೆಯಲ್ಲಲ್ಲ: ಸಹೋಢನು ತಾಯಿಯೊಡನೆ ಆ ಮನೆಗೆ ಬರುತ್ತಾನೆ, ಕರ್ಣನು ಬರಲೇ ಇಲ್ಲ.

ಮೂರನೆಯದು ಗಟ್ಟಿಯಾದ ಆಕ್ಷೇಪ. ಸೂತನಾದ ಅಧಿರಥನು ಕ್ಷತ್ರಿಯಕನ್ಯೆಯ ಮಗುವನ್ನು ಪರಿಗ್ರಹಿಸಿದರೆ ಆ ಪುತ್ರತ್ವವು ನಿಲ್ಲುವುದೇ? ಯಾಜ್ಞವಲ್ಕ್ಯನು ಈ ವಿಧಿಯನ್ನು ಸಜಾತೀಯರಿಗೆ ಹೇಳಿದ್ದಾನೆ. ವಿಜ್ಞಾನೇಶ್ವರನೂ ಸವರ್ಣತ್ವವನ್ನು ಎಲ್ಲ ಕಡೆಯೂ ಅಪೇಕ್ಷಿಸುತ್ತಾನೆ. ಅವನ ಮತದಲ್ಲಿ ಈ ಪರಿಗ್ರಹವು ದುರ್ಬಲವೆಂಬುದನ್ನು ಮುಚ್ಚಿಡಲಾಗದು. ಆದರೆ ಮನುವಿನ ಶಬ್ದಗಳನ್ನು ಹೋಲಿಸಿ ನೋಡಿದರೆ ಒಂದು ವಿಶೇಷವು ಕಾಣಬರುತ್ತದೆ. ದತ್ತಕನ ಲಕ್ಷಣದಲ್ಲಿಯೂ ಕೃತ್ರಿಮನ ಲಕ್ಷಣದಲ್ಲಿಯೂ 'ಸದೃಶ' ಎಂಬ ವಿಶೇಷಣವಿದೆ; ಅಪವಿದ್ಧನ ಲಕ್ಷಣದಲ್ಲಿ ಅದಿಲ್ಲ. ಇದು ಪ್ರಮಾದವೆಂದು ತೋರುವುದಿಲ್ಲ. ಕೊಡುವವರು ಇದ್ದಲ್ಲಿ ಕುಲವನ್ನು ವಿಚಾರಿಸಬಹುದು. ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆಯನ್ನು ಯಾರ ಕುಲವೆಂದು ಕೇಳುವುದು? ಎತ್ತಿಕೊಂಡವನ ಮನೆಯೇ ಅದರ ಕುಲವಾಗುವುದು ವಸ್ತುಸ್ವಭಾವ. ಬೋಧಾಯನನು ಅಪವಿದ್ಧನಿಗೆ ಹೇಳುವ ನಿಯಮವಾದರೋ ಸಂತಾನಕ್ಕಾಗಿ ಪರಿಗ್ರಹಿಸಬೇಕೆಂಬುದು. ಅದು ಇಲ್ಲಿ ಪೂರ್ಣವಾಗಿ ಸಲ್ಲುತ್ತದೆ. ರಾಧೆಯು ಆಗ ಮಕ್ಕಳಿಲ್ಲದವಳು. ಮುಂದೆ ಆಕೆಗೆ ಔರಸರು ಹುಟ್ಟಿದರೆಂದೂ ವನಪರ್ವವು ಹೇಳುತ್ತದೆ; ಆದರೂ ರಾಧೇಯನೆಂದರೆ ಲೋಕಕ್ಕೆ ಕರ್ಣನೇ.

೫

ಈಗ ನಮ್ಮ ಕವಿಗಳನ್ನು ನೋಡೋಣ. ಹತ್ತನೆಯ ಶತಮಾನದ ಪಂಪನೂ ಹದಿನೈದನೆಯ ಶತಮಾನದ ಗದುಗಿನ ನಾರಣಪ್ಪನೂ ಈ ಪ್ರಸಂಗವನ್ನು ಕನ್ನಡದ ಅತ್ಯುತ್ತಮ ಕಾವ್ಯಭಾಗಗಳಲ್ಲಿ ಸೇರಿಸಿದ್ದಾರೆ. ಅವರ ಮಹಿಮೆಗೆ ಕುಂದು ತರುವುದು ನನ್ನ ಉದ್ದೇಶವಲ್ಲ. ಆದರೆ ಅವರಲ್ಲಿ ವಿವಾದದ ಸ್ವರೂಪವು ಬದಲಾಗಿದೆಯೆಂಬುದನ್ನು ಹೇಳದೆ ಇರಲಾಗದು.

ಪಂಪನ ಕೃಷ್ಣನು ಮೂಲದಲ್ಲಿಲ್ಲದ ಒಂದು ವಿಷಯವನ್ನು ಹೊರಗೆಡಹುತ್ತಾನೆ. ಕರ್ಣನ ಜನ್ಮರಹಸ್ಯವು ಸತ್ಯಂತಪನೆಂಬ ಋಷಿಯಿಂದ ದುರ್ಯೋಧನನಿಗೆ ಮೊದಲೇ ತಿಳಿದಿತ್ತು. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ನೀತಿಯಿಂದ ಆತನು ಕರ್ಣನನ್ನು ಪೋಷಿಸಿದನು. ಇದರಿಂದ ಪರೀಕ್ಷೆಯು ಬಿಗಿಯಾಯಿತು. ತನ್ನನ್ನು ಆಯುಧವಾಗಿ ಬಳಸಿದ ಒಡೆಯನನ್ನು ಬಿಡಬಹುದೇ ಎಂಬುದು ಪಂಪನ ಕರ್ಣನ ಮುಂದಿರುವ ಪ್ರಶ್ನೆ. ಬಿಡಲಾಗದೆಂಬುದು ಆತನ ಉತ್ತರ. ಕುಲವನ್ನು ಹಿಡಿದು ಹಂಗಿಸಿದವರಿಗೆ ಛಲವೂ ಗುಣವೂ ಅಭಿಮಾನವೂ ಪರಾಕ್ರಮವೂ ಕುಲವೆಂದು ಹೇಳುವವನು ಪಿತೃತ್ವದ ಪ್ರಶ್ನೆಯನ್ನು ಬಿಡಿಸುವುದಿಲ್ಲ, ದಾಟಿಹೋಗುತ್ತಾನೆ. ಕುಮಾರವ್ಯಾಸನ ಕರ್ಣನಾದರೋ ರಹಸ್ಯವನ್ನು ಕೇಳಿ ಗಂಟಲು ಬಿಗಿದು ಕಣ್ಣೀರು ತುಂಬಿ, ಕೌರವರಾಯನಿಗೆ ಕೇಡಾಯಿತೆಂದೇ ಮೊದಲು ಮರುಗುತ್ತಾನೆ. ತಂದೆ ಯಾರೆಂದು ತಿಳಿದ ಕ್ಷಣದಲ್ಲಿ ಆತನಿಗೆ ನೆನಪಾಗುವವನು ತಂದೆಯಲ್ಲ, ಒಡೆಯ. ಐವರನ್ನು ನೋಯಿಸೆನೆಂದು ಮಾತುಕೊಟ್ಟು ತನ್ನ ದೇಹವನ್ನು ಒಡೆಯನ ಕೆಲಸಕ್ಕೆ ಮೀಸಲಿಡುತ್ತಾನೆ.

ಕನ್ನಡ ಭಾರತದ ಪರಂಪರೆಯಲ್ಲಿ ಬರುವ ಗಂಗೆಯ ಪ್ರಸಂಗವನ್ನೂ ಇಲ್ಲಿ ಸ್ಮರಿಸಬೇಕು. ಕುಂತಿಯು ನದೀತೀರದಲ್ಲಿ ಕರ್ಣನನ್ನು ಕಾಣುವಾಗ ಗಂಗೆಯು ಸ್ತ್ರೀರೂಪದಿಂದ ಬಂದು, ಅಂದು ತನಗೆ ಒಪ್ಪಿಸಿದ ಮಗನನ್ನು ತಾಯಿಗೆ ಮರಳಿಸುತ್ತಾಳೆ. ಕಲ್ಪನೆಯು ರಮಣೀಯವಾದುದು. ಶಾಸ್ತ್ರದೃಷ್ಟಿಯಿಂದ ನೋಡಿದರೆ ಇದರಲ್ಲಿ ದೊಡ್ಡದೊಂದು ಮಾರ್ಪಾಡು ಅಡಗಿದೆ. ವ್ಯಾಸರಲ್ಲಿ ಮಗುವು ತ್ಯಕ್ತವಾದುದು; ಇಲ್ಲಿ ಅದು ನಿಕ್ಷೇಪ. ತ್ಯಕ್ತವಾದುದು ಎತ್ತಿಕೊಂಡವನದಾಗುತ್ತದೆ, ನಿಕ್ಷೇಪವು ಇಟ್ಟವರಿಗೇ ಮರಳತಕ್ಕದ್ದು. ಹೀಗೆ ಗಂಗೆಯ ಸಾಕ್ಷ್ಯದಿಂದ ಕುಂತಿಯ ಹಕ್ಕು ಉಳಿಯಿತು; ರಾಧೆಯು ನಡುವೆ ಕೆಲವು ಕಾಲ ಕಾದಿಟ್ಟವಳಷ್ಟೇ ಆದಳು.

ಈ ಮಾರ್ಪಾಡಿಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಡೆಯನ ಅನ್ನವನ್ನು ಉಂಡವನು ಅವನಿಗಾಗಿ ಪ್ರಾಣವನ್ನು ಒಪ್ಪಿಸುವ ಜೋಳವಾಳಿಯ ಧರ್ಮವು ಕನ್ನಡನಾಡಿನ ವೀರಗಲ್ಲುಗಳಲ್ಲಿ ಕೆತ್ತಿದ ಧರ್ಮ. ಪಂಪನು ಸ್ವತಃ ಅರಿಕೇಸರಿಯ ಆಸ್ಥಾನದ ಕವಿಯೂ ಕಲಿಯೂ ಆಗಿದ್ದವನು. ವ್ಯಾಸರ ಕರ್ಣನನ್ನು ಕಟ್ಟಿಹಾಕಿದುದು ಮುಖ್ಯವಾಗಿ ತಾಯಿಗೆ ಇಡಬೇಕಾದ ಪಿಂಡದ ಋಣ. ಕನ್ನಡದ ಕರ್ಣನನ್ನು ಕಟ್ಟಿಹಾಕಿದುದು ಒಡೆಯನ ಜೋಳದ ಋಣ. ದುರ್ಯೋಧನನ ಆಶ್ರಯದ ಮಾತು ಮೂಲದಲ್ಲಿಯೂ ಇದೆ. ಆದರೆ ಅಲ್ಲಿ ಅದು ರಾಧೆ, ಅಧಿರಥರ ಮಾತಿನ ಬಳಿಕ ಬರುತ್ತದೆ. ನಮ್ಮ ಕವಿಗಳು ಎರಡನೆಯದನ್ನು ಮೊದಲಿಗೆ ತಂದರು. ಅದರಿಂದ ಕನ್ನಡಕ್ಕೆ ಅಸದೃಶನಾದ ವೀರನೊಬ್ಬನು ದೊರೆತನು. ಮರೆಗೆ ಸಂದವಳು ರಾಧೆ. ರಾಧೇಯನೆಂಬ ಹೆಸರಿನಲ್ಲಿ ಮಾತ್ರ ಆಕೆಯು ಉಳಿದಳು.

ಇನ್ನೊಂದು ಅಂಶವುಂಟು. ಕುಮಾರವ್ಯಾಸನ ಕಾವ್ಯವು ಗದಾಪರ್ವಕ್ಕೆ ಮುಗಿಯುತ್ತದೆ. ಉಳಿದ ಭಾಗವನ್ನು ತಿಮ್ಮಣ್ಣಕವಿಯು ಪೂರೈಸಿದನು. ಆದಕಾರಣ ಸ್ತ್ರೀಪರ್ವದಲ್ಲಿ ಕುಂತಿಯು ಎಲ್ಲರ ಮುಂದೆ ಗುಟ್ಟನ್ನು ಹೇಳಿ, ಧರ್ಮರಾಯನು ಅಣ್ಣನಿಗೆ ಜಲತರ್ಪಣವನ್ನು ಕೊಡುವ ಪ್ರಸಂಗವು ಗದುಗಿನ ಭಾರತವನ್ನಷ್ಟೇ ಓದುವವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹಿಡಿದು, ಕೊನೆಗೂ ಕರ್ಣನು ಕೌಂತೇಯನೇ ಆದನೆಂದು ಕೆಲವರು ವಾದಿಸಬಹುದು. ಆದರೆ ಆ ತರ್ಪಣವನ್ನು ಸ್ವೀಕರಿಸುವವನು ಉತ್ತರಕೊಡಲಾರದ ಸ್ಥಿತಿಯಲ್ಲಿದ್ದನು. ಬದುಕಿದ್ದಾಗ ಕೇಳಿದವರಿಗೆ ಆತನು ತನ್ನ ಉತ್ತರವನ್ನು ಕೊಟ್ಟಾಗಿತ್ತು.

೬

ಇದು ಹಳೆಯ ಕಥೆಯ ಹಳೆಯ ಶಾಸ್ತ್ರವಷ್ಟೇ ಎಂದು ವಾಚಕರು ಎಣಿಸಬಾರದು. ವೋಢೃವೇ ತಂದೆಯೆಂಬ ಕೃಷ್ಣನ ಪಕ್ಷವು ಇಂದಿನ ನ್ಯಾಯಾಲಯಗಳಲ್ಲಿ ಜೀವಂತವಾಗಿದೆ. ದಾಂಪತ್ಯವು ನಡೆಯುತ್ತಿರುವಾಗ ಹುಟ್ಟಿದ ಮಗುವು, ಗಂಡಹೆಂಡಿರಿಗೆ ಸಂಪರ್ಕಕ್ಕೆ ಅವಕಾಶವೇ ಇರಲಿಲ್ಲವೆಂದು ಸಿದ್ಧವಾಗದ ಹೊರತು, ಗಂಡನದೇ ಎಂಬುದು ೧೮೭೨ರ ಸಾಕ್ಷ್ಯದ ಕಾಯಿದೆಯ ೧೧೨ನೆಯ ಪ್ರಕರಣದ ನಿಯಮವಾಗಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೧೬ನೆಯ ಪ್ರಕರಣದಲ್ಲಿ ಅದೇ ಮುಂದುವರಿದಿದೆ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ವ್ಯಾಜ್ಯದಲ್ಲಿ, ಡಿ.ಎನ್.ಎ. ಪರೀಕ್ಷೆಯ ಫಲವು ಮುಂದೆ ಇರುವಾಗ ಊಹೆಯು ಅದಕ್ಕೆ ಮಣಿಯಬೇಕೆಂದಿತು. ೨೦೨೫ರ ಜನವರಿಯಲ್ಲಿ, ವಿವಾಹಿತೆಯ ಮಗನು ಪರಪುರುಷನೊಬ್ಬನನ್ನು ತನ್ನ ಜನಕನೆಂದು ಸ್ಥಾಪಿಸಲು ಯತ್ನಿಸಿದ ವ್ಯಾಜ್ಯದಲ್ಲಿ, ಅಂಥ ಪರೀಕ್ಷೆಯನ್ನು ಬಲವಂತಪಡಿಸಲಾಗದೆಂದೂ ದಾಂಪತ್ಯದಿಂದ ಬಂದ ಊಹೆಯೇ ನಿಲ್ಲತಕ್ಕದ್ದೆಂದೂ ತೀರ್ಮಾನಿಸಿತು. ಬೀಜಪಕ್ಷ, ಕ್ಷೇತ್ರಪಕ್ಷ ಎಂಬ ಮಾತುಗಳನ್ನು ನ್ಯಾಯಮೂರ್ತಿಗಳು ಬಳಸದಿರಬಹುದು; ವಿವಾದವು ಅದೇ.

ಆದರೆ ಈ ಊಹೆಯು ಸಹೋಢನನ್ನು ರಕ್ಷಿಸುತ್ತದೆ, ಕಾನೀನನನ್ನು ರಕ್ಷಿಸುವುದಿಲ್ಲ. ಮದುವೆಗೆ ಮುಂಚೆಯೇ ಹುಟ್ಟಿದವನಿಗೆ ಅದು ಮುಟ್ಟದು. ನಮ್ಮ ನಿಬಂಧಕಾರರೂ ಕಲಿವರ್ಜ್ಯಗಳನ್ನು ಹೇಳುವಾಗ ಔರಸ, ದತ್ತ ಇಬ್ಬರನ್ನು ಉಳಿಸಿಕೊಂಡು ಮಿಕ್ಕವರನ್ನು ಕೈಬಿಟ್ಟಿದ್ದರು. ಅಂಥ ಮಗುವಿಗೆ ಸ್ವಾತಂತ್ರ್ಯಾನಂತರದ ಶಾಸನಗಳು ಕ್ರಮಕ್ರಮವಾಗಿ ನೆಲೆಯನ್ನು ಕೊಟ್ಟಿವೆ. ವಿವಾಹಬಾಹಿರವಾಗಿ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಪಾಲಕಳು, ಆಕೆಯ ತರುವಾಯ ತಂದೆ ಎಂಬುದು ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಕಾಯಿದೆಯ ವಿಧಿ. ಅವಿವಾಹಿತಳಾದ ತಾಯಿಯು ಪಾಲಕತ್ವಕ್ಕಾಗಿ ಅರ್ಜಿ ಸಲ್ಲಿಸುವಾಗ ಮಗುವಿನ ತಂದೆಯ ಹೆಸರನ್ನು ಬಹಿರಂಗಪಡಿಸಬೇಕಾದುದಿಲ್ಲವೆಂದು ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಛಾಂದೋಗ್ಯದ ಜಬಾಲೆಯು ಮಗನ ಗೋತ್ರವನ್ನು ಅರಿಯೆನೆಂದು ಸತ್ಯವನ್ನೇ ನುಡಿದುದನ್ನೂ, ಹಾರಿದ್ರುಮತ ಗೌತಮನು ತಾಯಿಯ ಹೆಸರಿನ ಆ ಬಾಲಕನನ್ನು ಶಿಷ್ಯನಾಗಿ ಸ್ವೀಕರಿಸಿದುದನ್ನೂ ಪಾಠಹೇಳುವವರಿಗೆ ಈ ತೀರ್ಪು ಅಪರಿಚಿತವೆನಿಸದು. ಕರ್ನಾಟಕದಿಂದಲೇ ಹೋದ ವ್ಯಾಜ್ಯವೊಂದರಲ್ಲಿ, ಅಸಿಂಧುವಾದ ವಿವಾಹದ ಮಕ್ಕಳಿಗೂ ಅವಿಭಕ್ತ ಆಸ್ತಿಯಲ್ಲಿ ತಮ್ಮ ತಾಯಿತಂದೆಗಳಿಗೆ ಬರುವ ಭಾಗದಲ್ಲಿ ಹಕ್ಕಿದೆಯೆಂದು ೨೦೨೩ರಲ್ಲಿ ಅದೇ ನ್ಯಾಯಾಲಯವು ನಿರ್ಣಯಿಸಿತು. ಅವರನ್ನು ಜನ್ಮತಃ ಸಮದಾಯಾದರೆಂದು ಮಾತ್ರ ಒಪ್ಪಲಿಲ್ಲ. ವಿಜ್ಞಾನೇಶ್ವರನ ನಾಡಿನಲ್ಲಿ ಆತನ ದಾಯವಿಭಾಗವು ಇನ್ನೂ ಬೆಳೆಯುತ್ತಿದೆಯೆನ್ನಬಹುದು.

ಕರ್ಣನ ಪಕ್ಷಕ್ಕೂ ಇಂದು ಶಾಸನದ ಬೆಂಬಲವುಂಟು. ೧೯೫೬ರ ದತ್ತಕ ಮತ್ತು ನಿರ್ವಾಹವ್ಯಯದ ಕಾಯಿದೆಯಂತೆ ದತ್ತಕವಾದ ದಿನದಿಂದ ಮಗುವಿಗೆ ಜನ್ಮಕುಟುಂಬದ ಸಂಬಂಧವು ಕಡಿದು ಹೊಸ ಕುಟುಂಬದ ಸಂಬಂಧವು ಕೂಡುತ್ತದೆ. ಸಿಕ್ಕಿದ ಕೂಸನ್ನು ಅಧಿರಥನಂತೆ ನೇರವಾಗಿ ಮನೆಗೆ ಒಯ್ಯುವ ಹಾಗೆ ಮಾತ್ರ ಈಗ ಇಲ್ಲ. ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿ ವಿಧಿಪೂರ್ವಕವಾಗಿ ಪಡೆಯಬೇಕು. ಮಗುವು ಮಾರಾಟದ ವಸ್ತುವಾಗದಿರಲು ಈ ವಿಧಿಯು ಅವಶ್ಯವೇ ಸರಿ.

ಅಧ್ಯಾಪಕಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಪಂಪನನ್ನಾಗಲಿ ಕುಮಾರವ್ಯಾಸನನ್ನಾಗಲಿ ಪಾಠಹೇಳುವಾಗ ಮೂಲದ ಈ ಸಂವಾದವನ್ನು ಜೊತೆಯಲ್ಲಿಟ್ಟು ಓದಿಸಬೇಕು. ಸ್ವಾಮಿನಿಷ್ಠೆಯೊಂದನ್ನೇ ಕರ್ಣನ ನಿರಾಕರಣಕ್ಕೆ ಕಾರಣವಾಗಿ ಬರೆಸುವುದು ಅಪೂರ್ಣವಾದ ಪಾಠ. ತರಗತಿಯಲ್ಲಿ ಕುಳಿತವರಲ್ಲಿ ತಂದೆಯ ಹೆಸರನ್ನು ಬರೆಯುವಾಗ ಕೈ ತಡೆಯುವ ಮಕ್ಕಳು ಇದ್ದೇ ಇರುತ್ತಾರೆ. ತಾಯಿಯೊಬ್ಬಳಿಂದಲೇ ಬೆಳೆದವರು, ಸಾಕಿದವರನ್ನು ತಂದೆಯೆಂದು ಕರೆಯುವವರು, ಹೆತ್ತವರು ಬೇರೆ ಬೇರೆ ಮನೆಗಳನ್ನು ಕಟ್ಟಿಕೊಂಡವರು ಅವರಲ್ಲಿರಬಹುದು. ಅವರಿಗೆ ಕರ್ಣನ ಕಥೆಯು ಕಥೆಯಷ್ಟೇ ಅಲ್ಲ. ಕುಲಹೀನನೆಂದು ನೊಂದ ವೀರನನ್ನು ಮಾತ್ರ ಅವರಿಗೆ ತೋರಿಸಿ, ತನ್ನ ತಾಯಿತಂದೆಗಳು ಯಾರೆಂಬುದನ್ನು ಶಾಸ್ತ್ರವನ್ನು ಬಲ್ಲವನಾಗಿ ತಾನೇ ನಿರ್ಣಯಿಸಿಕೊಂಡವನನ್ನು ತೋರಿಸದೆ ಬಿಡುವುದು ನ್ಯಾಯವಲ್ಲ.

ಇನ್ನು ಆ ಉತ್ತರಪತ್ರಿಕೆಗಳ ವಿಷಯ. ಸೂರ್ಯನೆಂದು ಬರೆದವರಿಗೆ ಅಂಕವು ವಿಧಿಯಂತೆ ಸಂದಿತು. ಅಧಿರಥನೆಂದು ಬರೆದವರಿಗೂ ಅಂಕವನ್ನು ಕೊಟ್ಟು, ಅದಕ್ಕೆ ಕಾರಣವನ್ನು ಅರ್ಧ ಹಾಳೆಯಲ್ಲಿ ಬರೆದು ಮೇಲ್ವಿಚಾರಕರಿಗೆ ಕಳುಹಿಸಿದೆನು. ಪಾಂಡುವೆಂದು ಬರೆದು ಹೊಡೆದುಹಾಕಿದ ಹುಡುಗಿಗೆ ಮಾತ್ರ ಏನೂ ಕೊಡಲಾಗಲಿಲ್ಲ. ಹೊಡೆದುಹಾಕಿದ ಉತ್ತರವನ್ನು ಎಣಿಕೆಗೆ ತೆಗೆದುಕೊಳ್ಳಬಾರದೆಂಬ ನಿಯಮವಿದ್ದಿತು. ಆಕೆಯು ಕೃಷ್ಣನ ಪಕ್ಷದವಳೆಂಬುದನ್ನು ಆಕೆಗೆ ತಿಳಿಸುವ ಉಪಾಯವು ನನಗೆ ಇರಲಿಲ್ಲ.